ದಾವಣಗೆರೆಯ ಕಟ್ಟಡವೊಂದನ್ನು ಆಟದ ಮೇಜಿಗೆ ತರುವುದು ಹೇಗೆ?

ಮೇಜಿನ ಸುತ್ತ ನಾಲ್ಕೈದು ಜನ ಕೂತು ಆಡುವ ಆಟ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್. ಒಬ್ಬರು ಗೇಮ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಗೋಡೆ ಹತ್ತಲು ಹೋದವರು ಹತ್ತಿದರೋ ಜಾರಿಬಿದ್ದರೋ ಅನ್ನುವುದನ್ನು ದಾಳ ಹೇಳುತ್ತದೆ. ಅಮೆರಿಕದಲ್ಲಿ 1974ರಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆ ದಾರಿ ಹಾಕಿಕೊಟ್ಟಿತು. ಅದರಲ್ಲಿ ಕೋಟೆ, ಸುರಂಗ, ನೆಲಮಾಳಿಗೆಗಳೇ ಜಾಸ್ತಿ. ಕೋಟೆ ಬೇಕಂದರೆ ನಮಗೆ ಚಿತ್ರದುರ್ಗ ಪಕ್ಕದಲ್ಲೇ ಇದೆ. ಆದರೆ ಪತ್ತೇದಾರಿ ಕಥೆಯನ್ನೋ ದೆವ್ವದ ಕಥೆಯನ್ನೋ ಇವತ್ತಿನ ಊರಲ್ಲಿ ಆಡಬೇಕು ಅನ್ನುವವರಿಗೆ ಲಿಫ್ಟ್, ಶಟರ್, ಸಿಸಿಟಿವಿ ಇರುವ ಕಟ್ಟಡ ಬೇಕು.

ಅಂಥ ಕಟ್ಟಡ ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಗೋಡೆ ಎಳೆಯುತ್ತಾರೆ. ಗೋಡೆಯನ್ನು ಆಮೇಲೆ ನೋಡಿಕೊಳ್ಳೋಣ. ಕೋಟೆಯ ಪಾಳು ಕೋಣೆಯಲ್ಲಿ ರಾಕ್ಷಸನೊಬ್ಬ ಕಾದು ಕೂತಿದ್ದರೂ ಆಟ ನಡೆಯುತ್ತದೆ. ಊರಿನ ಕಟ್ಟಡದಲ್ಲಿ ಬಾಡಿಗೆದಾರರು ಇರುತ್ತಾರೆ, ಗಿರಾಕಿಗಳು ಬಂದು ಹೋಗುತ್ತಾರೆ, ಗೇಟಿನ ಹತ್ತಿರ ಯಾರೋ ಕೂತಿರುತ್ತಾರೆ. ಎಷ್ಟು ಹೊತ್ತಿಗೆ ಯಾರು ಎಲ್ಲಿರುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದು ನಿಮಗೆ ಗೊತ್ತಿದ್ದರೆ ಆಟದ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಒಂದು ಸುತ್ತು ನಡೆದು ಬನ್ನಿ

ಜಯದೇವ ಸರ್ಕಲ್‌ನಿಂದ ಅಶೋಕ ರಸ್ತೆ, ಅಲ್ಲಿಂದ ಮಂಡಿಪೇಟೆ. ತಲೆ ಎತ್ತಿ ನಡೆಯಿರಿ. ಅಂಗಡಿಯ ಬೋರ್ಡು ದಿನಾ ಕಣ್ಣಿಗೆ ಬೀಳುತ್ತದೆ, ಅದರ ಮೇಲಿನ ಮಹಡಿಯನ್ನು ನಾವು ನೋಡಿಯೇ ಇರುವುದಿಲ್ಲ. ಎರಡು ಅಂಗಡಿಗಳ ನಡುವೆ ಇಕ್ಕಟ್ಟಾದ ಮೆಟ್ಟಿಲು ಇರುತ್ತದಲ್ವಾ, ಅದರ ಕೆಳಗೆ ಸಾಲಾಗಿ ಕರೆಂಟ್ ಮೀಟರ್ ಇರುತ್ತವೆ. ಎಷ್ಟು ಮೀಟರ್ ಇವೆ ನೋಡಿದರೆ ಮೇಲೆ ಎಷ್ಟು ಬಾಡಿಗೆದಾರರಿದ್ದಾರೆ ಅನ್ನುವ ಅಂದಾಜು ಸಿಗುತ್ತದೆ. ಮೂರನೇ ಮಹಡಿಯ ಗ್ರಿಲ್‌ಗೆ ಸೀರೆ ಒಣಹಾಕಿದ್ದರೆ ಅಲ್ಲಿ ಮನೆ ಇದೆ ಎಂದರ್ಥ. ಪಕ್ಕದ ಕಟ್ಟಡಕ್ಕೂ ಇದಕ್ಕೂ ನಡುವೆ ಎಷ್ಟು ಸಂದಿ ಇದೆ? ಸಜ್ಜದ ಮೇಲೆ ಒಬ್ಬರು ನಿಲ್ಲಬಹುದಾ? ಬೆಣ್ಣೆ ದೋಸೆ ತಿನ್ನಲು ಕೂತಾಗಲೂ ನೋಡಿ: ಹಿಂಬಾಗಿಲು ಯಾವ ಗಲ್ಲಿಗೆ ಬೀಳುತ್ತದೆ, ಸಾಮಾನು ಯಾವ ಕಡೆಯಿಂದ ಒಳಗೆ ಬರುತ್ತದೆ, ಗಲ್ಲಾದಲ್ಲಿ ಕೂತವರಿಗೆ ಎಲ್ಲಿಯವರೆಗೆ ಕಾಣುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಇರುವ ಕಟ್ಟಡವನ್ನು ಇದ್ದ ಹಾಗೇ ಬರೆಯಬೇಡಿ. ಬ್ಯಾಂಕು, ಬಂಗಾರದ ಅಂಗಡಿ, ಆಸ್ಪತ್ರೆಗಳ ವಿಷಯದಲ್ಲಂತೂ ಬೇಡವೇ ಬೇಡ. ಎರಡು ಮೂರು ಕಟ್ಟಡಗಳನ್ನು ಬೆರೆಸಿ, ಹೆಸರು ಬದಲಿಸಿ, ಬೇರೆ ಬೀದಿಯಲ್ಲಿಡಿ. ಒಳಗೆ ಹೋಗಿ ಫೋಟೊ ತೆಗೆಯುವ ಅಗತ್ಯವೂ ಇಲ್ಲ.

ಹೊತ್ತಿನ ಪಟ್ಟಿ

ಒಂದು ಕಾಂಪ್ಲೆಕ್ಸ್ ಇಟ್ಟುಕೊಳ್ಳೋಣ. ಕೆಳಗೆ ಮೆಡಿಕಲ್ ಶಾಪ್, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಮತ್ತು ಆಡಿಟರ್ ಆಫೀಸು. ಎರಡನೇ ಮಹಡಿಯಲ್ಲಿ ಪಿಯುಸಿ ಟ್ಯೂಷನ್. ಮೂರರಲ್ಲಿ ಮಾಲೀಕರ ಮನೆ. ತಾರಸಿಯ ಮೇಲೆ ಮೊಬೈಲ್ ಟವರ್.

ಹಾಳೆಯನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ಭಾಗ ಮಾಡಿ. ಬೆಳಗ್ಗೆ ಆರಕ್ಕೆ ಟ್ಯೂಷನ್ ಹುಡುಗರು ಬರುತ್ತಾರೆ, ಮೆಟ್ಟಿಲ ಬಾಗಿಲು ತೆರೆದಿರುತ್ತದೆ, ಅಂಗಡಿ ಯಾವುದೂ ತೆರೆದಿರುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಡಾಕ್ಟರು ಮನೆಗೆ ಹೋಗಿರುತ್ತಾರೆ, ಆದರೆ ಕ್ಲಿನಿಕ್ ಗುಡಿಸುವ ಅಮ್ಮನ ಹತ್ತಿರ ಇನ್ನೊಂದು ಕೀ ಇರುತ್ತದೆ. ಸಂಜೆ ಕಟ್ಟಡ ಗಿಜಿಗಿಜಿ. ಯಾರು ಒಳಗೆ ಬಂದರೂ ಯಾರೂ ಕೇಳುವುದಿಲ್ಲ, ಆದರೆ ಬೀಗ ಮುರಿದರೆ ಹತ್ತು ಜನ ನೋಡುತ್ತಾರೆ. ರಾತ್ರಿ ಹತ್ತೂವರೆಗೆ ಮೆಡಿಕಲ್ ಶಾಪಿನ ಹುಡುಗ ಶಟರ್ ಎಳೆದ ಮೇಲೆ ವಾಚ್‌ಮನ್ ಒಬ್ಬರೇ.

ಒನಕೆ ಓಬವ್ವನ ಕಥೆ ನಿಂತಿರುವುದೂ ಇದರ ಮೇಲೇ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದ ಹೊತ್ತು, ಒಬ್ಬರಷ್ಟೇ ನುಸುಳಬಹುದಾದ ಒಂದು ಕಿಂಡಿ. ಏಳು ಸುತ್ತಿನ ಕೋಟೆಯ ನಕ್ಷೆ ಎಷ್ಟು ಚೆನ್ನಾಗಿ ಬರೆದರೂ, ಆ ಊಟದ ಹೊತ್ತು ಗೊತ್ತಿಲ್ಲದಿದ್ದರೆ ಕಥೆ ಹುಟ್ಟುವುದಿಲ್ಲ. ನಿಮ್ಮ ಪಟ್ಟಿಯಲ್ಲೂ ಅಂಥ ಒಂದು ಹೊತ್ತು, ಒಂದು ಕಿಂಡಿ ಇರಲೇಬೇಕು.

ಪ್ರತಿಯೊಬ್ಬರ ಹೆಸರಿನ ಮುಂದೆ ಎರಡೇ ಸಾಲು ಬರೆಯಿರಿ: ಅವರಿಗೆ ಏನು ಬೇಕು, ಅವರಿಗೆ ಏನು ಗೊತ್ತು. ವಾಚ್‌ಮನ್‌ಗೆ ಮಗಳ ಕಾಲೇಜು ಫೀಸಿನ ಚಿಂತೆ. ಆಡಿಟರ್ ಆಫೀಸಿನ ಲೈಟು ಮೂರು ರಾತ್ರಿಯಿಂದ ಉರಿಯುತ್ತಿರುವುದು ಅವರಿಗೆ ಗೊತ್ತು. ಮಾತೂ ಇಲ್ಲಿಯದೇ ಇರಲಿ. "ಎಲ್ಲಿಗೆ ಹೊಂಟೀರಿ? ಟ್ಯೂಷನ್ ಬಿಟ್ಟೈತ್ರಿ, ಮ್ಯಾಲೆ ಯಾರೂ ಇಲ್ಲ" ಅಂತ ಅವರು ಗೇಟಿನಲ್ಲೇ ತಡೆದರೆ, ಆಟಗಾರರು ಕತ್ತಿಯ ಬದಲು ಸುಳ್ಳೋ ನಿಜವೋ ಏನಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಈಗ ಗೋಡೆ ಎಳೆಯಿರಿ

ಅಳತೆ ಸುಲಭ. ಈ ಆಟಗಳಲ್ಲಿ ಒಂದು ಚೌಕ ಅಂದರೆ ಐದು ಅಡಿ ಅನ್ನುವ ಲೆಕ್ಕ ಹೆಚ್ಚು ಬಳಕೆಯಲ್ಲಿದೆ. ನಮ್ಮ 30x40 ಸೈಟು 6x8 ಚೌಕ, 40x60 ಸೈಟು 8x12 ಚೌಕ. ಗ್ರಾಫ್ ಹಾಳೆಯಲ್ಲಿ ಒಂದು ಸೆಂ.ಮೀ.ಗೆ ಐದು ಅಡಿ ಹಿಡಿದರೆ 40x60 ಕಟ್ಟಡದ ನಾಲ್ಕು ಮಹಡಿಗಳು ಒಂದೇ ಎ4 ಹಾಳೆಯಲ್ಲಿ ಕೂರುತ್ತವೆ. ಮಹಡಿಯ ಎತ್ತರ ಹತ್ತು ಅಡಿ, ಮೆಟ್ಟಿಲು ಆರಿಂಚಿನದು ಅಂದರೆ ಮಹಡಿಗೆ ಇಪ್ಪತ್ತು ಮೆಟ್ಟಿಲು. ನಡುವೆ ತಿರುಗುವ ಮೆಟ್ಟಿಲಿಗೆ ಎರಡು ಚೌಕ ಅಗಲ, ಮೂರು ಚೌಕ ಉದ್ದ ಬಿಡಿ.

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ ಮನುಷ್ಯ ಪಾತ್ರ ಆರು ಸೆಕೆಂಡಿನ ಒಂದು ಸುತ್ತಿನಲ್ಲಿ 30 ಅಡಿ ನಡೆಯುತ್ತದೆ. ಅಂದರೆ ನಿಮ್ಮ ಇಡೀ ಕಟ್ಟಡವನ್ನು ಈ ತುದಿಯಿಂದ ಆ ತುದಿಗೆ ಎರಡೇ ಸುತ್ತಿನಲ್ಲಿ ದಾಟಬಹುದು. ಅದಕ್ಕೇ ನಗರದ ಕಟ್ಟಡವನ್ನು ಉದ್ದಕ್ಕೆ ಬೆಳೆಸಿ ಪ್ರಯೋಜನವಿಲ್ಲ, ಮೇಲಕ್ಕೆ ಬೆಳೆಸಬೇಕು. ಒಳಗೆ ಹೋಗಲು ಮೂರು ದಾರಿಯಾದರೂ ಇರಲಿ, ಪ್ರತಿ ದಾರಿಗೂ ಒಂದು ತೊಡಕಿರಲಿ. ಮುಂದಿನ ಮೆಟ್ಟಿಲಲ್ಲಿ ವಾಚ್‌ಮನ್. ಹಿಂದಿನ ಗಲ್ಲಿಯ ಪೈಪು ಹತ್ತಬಹುದು, ಆದರೆ ಅದು ಮಾಲೀಕರ ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಹೋಗುತ್ತದೆ. ಪಕ್ಕದ ತಾರಸಿಯಿಂದ ಜಿಗಿಯಬಹುದು, ನಡುವೆ ಏಳು ಅಡಿ ಸಂದಿ. ಹೋದ ದಾರಿಯಲ್ಲೇ ವಾಪಸ್ ಬರಬೇಕಾದ ಕಟ್ಟಡದಲ್ಲಿ ಆಟ ಸೊರಗುತ್ತದೆ. ಮೇಲೆ ಹತ್ತಿ ಇನ್ನೊಂದು ಕಡೆ ಇಳಿಯುವ ಹಾಗಿರಲಿ.

ಕರೆಂಟು, ನೀರು, ಕ್ಯಾಮೆರಾ

ಕೋಟೆಯಲ್ಲಿ ಇಲ್ಲದ ಕಷ್ಟ ಇಲ್ಲಿದೆ: ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಗಲಾಟೆಯಾದರೆ ಯಾರಾದರೂ 112ಕ್ಕೆ ಫೋನ್ ಮಾಡುತ್ತಾರೆ. ಇದನ್ನು ಮರೆಮಾಚಬೇಡಿ, ಆಟದೊಳಗೇ ಸೇರಿಸಿಕೊಳ್ಳಿ. ಫೋನ್ ಹೋದ ಮೇಲೆ ಪೊಲೀಸರು ಬರಲು ಎಷ್ಟು ಸುತ್ತು ಬೇಕು ಅಂತ ಮೊದಲೇ ನಿಗದಿ ಮಾಡಿ, ದಾಳವೊಂದನ್ನು ಮೇಜಿನ ನಡುವೆ ಇಟ್ಟು ಸುತ್ತಿಗೊಂದು ಸಂಖ್ಯೆ ಇಳಿಸುತ್ತಾ ಬನ್ನಿ. ಎಲ್ಲರ ಕಣ್ಣೂ ಆ ದಾಳದ ಮೇಲೇ ಇರುತ್ತದೆ.

ಕ್ಯಾಮೆರಾ ಅಂದರೆ ಬರೀ ಕಣ್ಣಲ್ಲ. ಅದರ ಚಿತ್ರ ಎಲ್ಲಿಗೋ ಹೋಗಿ ಕೂರಬೇಕು. ಮೆಡಿಕಲ್ ಶಾಪಿನ ಗಲ್ಲಾ ಕೆಳಗೆ ಡಿವಿಆರ್ ಡಬ್ಬಿ ಇಡಿ. ಅದರ ಡಿಸ್ಕ್ ತುಂಬಿದರೆ ಹಳೆಯ ಚಿತ್ರ ಅಳಿಸಿ ಹೊಸದು ಬರುತ್ತದೆ. ಹಾಗಾಗಿ ಹೋದ ವಾರದ ಸುಳಿವು ಇವತ್ತು ರಾತ್ರಿಯೊಳಗೆ ಸಿಗದಿದ್ದರೆ ಹೋದ ಹಾಗೇ. ಕರೆಂಟು ಹೋದರೆ ಯಾವುದು ಆರುತ್ತದೆ, ಯಾವುದು ಇನ್ವರ್ಟರ್ ಮೇಲೆ ಉಳಿಯುತ್ತದೆ ಅಂತಲೂ ಬರೆದಿಡಿ. ಸಂಪು, ಮೋಟಾರು, ತಾರಸಿಯ ಟ್ಯಾಂಕು ಮರೆಯಬೇಡಿ. ವಸ್ತು ಬಚ್ಚಿಡಲು ಅವಕ್ಕಿಂತ ಒಳ್ಳೆಯ ಜಾಗ ಇಲ್ಲ.

ದಾವಣಗೆರೆಯೇ ಕೊಡುವ ಜಾಗಗಳು

ಕಾಂಪ್ಲೆಕ್ಸ್ ಎಲ್ಲ ಊರಲ್ಲೂ ಇದೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಗಿದ್ದ ಊರಿನವರು ಹತ್ತಿ ಗಿರಣಿಯನ್ನು ಬಿಡಬಾರದು. ಹಳೆಯ ಕಾಲದ ಗಿರಣಿಗಳ ಛಾವಣಿ ಗರಗಸದ ಹಲ್ಲಿನ ಹಾಗೆ ಇರುತ್ತಿತ್ತು. ಬಿಸಿಲು ನೇರ ಬೀಳದೆ ಮಗ್ಗದ ಮೇಲೆ ಸಮನಾದ ಬೆಳಕು ಬರಲಿ ಅಂತ ಗಾಜನ್ನು ಉತ್ತರಕ್ಕೆ ಇಡುತ್ತಿದ್ದರು. ಒಣಗಾಳಿಗೆ ನೂಲು ಕಡಿಯುತ್ತದೆ, ಅದಕ್ಕೆ ಒಳಗೆ ತೇವ ಇರಿಸುತ್ತಿದ್ದರು. ಹತ್ತಿಯ ಧೂಳು ತೊಲೆಗಳ ಮೇಲೆ ಕೂರುತ್ತದೆ, ಒಂದು ಕಿಡಿ ಸಾಕು, ಹಬ್ಬುತ್ತದೆ. ಇಷ್ಟು ಗೊತ್ತಿದ್ದರೆ ಮುಚ್ಚಿದ ಗಿರಣಿಯಲ್ಲಿ ಒಂದು ರಾತ್ರಿಯ ಆಟ ಸಲೀಸಾಗಿ ಹುಟ್ಟುತ್ತದೆ: ಮೇಲೆ ಗಾಜು, ಕೆಳಗೆ ಧೂಳು, ಆಟಗಾರರ ಕೈಯಲ್ಲಿ ಟಾರ್ಚು ಇರಬೇಕೋ ಬೆಂಕಿಕಡ್ಡಿಯೋ?

ಹಳೆಯ ಟಾಕೀಸು ಇನ್ನೊಂದು. 1950ರ ದಶಕದ ಆರಂಭದವರೆಗೆ ನೈಟ್ರೇಟ್ ರೀಲುಗಳು ಬಳಕೆಯಲ್ಲಿದ್ದವು. ಅವಕ್ಕೆ ಹತ್ತಿದ ಬೆಂಕಿ ನೀರಿಗೂ ಆರುವುದಿಲ್ಲ. ಅದಕ್ಕೇ ಪ್ರೊಜೆಕ್ಟರ್ ಕೋಣೆಯನ್ನು ಪ್ರೇಕ್ಷಕರಿಂದ ಬೇರೆಯಾಗಿ ಕಟ್ಟಿ, ಗೋಡೆಯಲ್ಲಿ ಸಣ್ಣ ಕಿಂಡಿಗಳನ್ನಷ್ಟೇ ಬಿಡುತ್ತಿದ್ದರು. ಇಡೀ ಸಭಾಂಗಣ ಕಾಣುವ, ತಾನು ಯಾರಿಗೂ ಕಾಣದ ಕೋಣೆ ಅದು. ಪತ್ತೇದಾರಿ ಆಟಕ್ಕೆ ಇನ್ನೇನು ಬೇಕು?

ಮಂಡಕ್ಕಿ ಭಟ್ಟಿಯೂ ಸೊಗಸು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಹೊಗೆಗೆ ಕಪ್ಪಾದ ಗೋಡೆ, ಆಳೆತ್ತರ ಒಟ್ಟಿದ ಹಗುರ ಮೂಟೆಗಳು. ಆ ಮೂಟೆಗಳ ಹಿಂದೆ ಅಡಗಬಹುದು, ಒದ್ದರೆ ಉರುಳುತ್ತವೆ, ಗುಂಡೇಟನ್ನು ಮಾತ್ರ ತಡೆಯವು.

ಮೇಜಿನ ಮುಂದೆ

ಪೂರ್ತಿ ನಕ್ಷೆ ಒಮ್ಮೆಗೇ ತೋರಿಸಬೇಡಿ. ಆಟಗಾರರು ನಿಂತ ಮಹಡಿಯನ್ನಷ್ಟೇ ತೆರೆದು, ಉಳಿದದ್ದಕ್ಕೆ ಕಾಗದ ಮುಚ್ಚಿ. ಹೊಸ ಜಾಗ ಬಂದಾಗ ಕಣ್ಣಿಗೆ ಕಾಣುವ ಒಂದು, ಕಿವಿಗೆ ಬೀಳುವ ಅಥವಾ ಮೂಗಿಗೆ ಬಡಿಯುವ ಇನ್ನೊಂದು, ಇಷ್ಟು ಹೇಳಿದರೆ ಸಾಕು. ಕ್ಲಿನಿಕ್ಕಿನ ಸ್ಪಿರಿಟ್ ವಾಸನೆ ಹೇಳಿದ ಮೇಲೆ ಕುರ್ಚಿ ಎಷ್ಟಿವೆ ಅಂತ ಯಾರೂ ಕೇಳುವುದಿಲ್ಲ.

ಆಟ ಮುಗಿದ ರಾತ್ರಿಯೇ ಹೊತ್ತಿನ ಪಟ್ಟಿಯನ್ನು ತಿದ್ದಿ. ಮುರಿದ ಬೀಗದ ಜಾಗದಲ್ಲಿ ಹೊಸ ಬೀಗ, ಹಿಂದಿನ ಗಲ್ಲಿಗೂ ಒಂದು ಕ್ಯಾಮೆರಾ, ಸುಳ್ಳು ನಂಬಿ ಒಳಗೆ ಬಿಟ್ಟಿದ್ದ ವಾಚ್‌ಮನ್ ಬದಲು ಬೇರೊಬ್ಬರು. ಮುಂದಿನ ವಾರ ಅದೇ ಕಟ್ಟಡಕ್ಕೆ ಬಂದ ಆಟಗಾರರು ಹಳೆಯವರು ಎಲ್ಲಿಗೆ ಹೋದರು ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರವನ್ನೂ ಬರೆದಿಟ್ಟುಕೊಳ್ಳಿ.