ನೂಲು ಹಿಡಿಯುವ ದಿನ

ಪಾಲಿಟೆಕ್ನಿಕ್ ಮುಗಿಸಿ ಐದು ವರ್ಷ ಗಲ್ಫ್ ದುಡ್ಡಿನ ಬಂಗಲೆಗಳ ಸೈಟಿನಲ್ಲಿ ದುಡಿದೆ. ಆಮೇಲೆ ಕಾಸರಗೋಡಿನ ಬಡಗು ಕಡೆಯ ಒಂದು ಪಂಚಾಯತಿನಲ್ಲಿ ಗುತ್ತಿಗೆ ಓವರ್ಸಿಯರ್ ಆದೆ. ಸಂಬಳ ಅರ್ಧಕ್ಕಿಳಿಯಿತು. ಅದು 2017. ಮನೆ ಇಲ್ಲದವರಿಗೆ ಮನೆ ಕೊಡುವ ಕೇರಳ ಸರ್ಕಾರದ ಯೋಜನೆ ಲೈಫ್ ಮಿಷನ್‌ನ ಮೊದಲ ಹಂತ ನಡೆಯುತ್ತಿತ್ತು: ಹಳೆಯ ಯೋಜನೆಗಳಲ್ಲಿ ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸಿಕೊಡುವುದು.

ಮೇಲೆ ಮಾಡು ಇಲ್ಲದ ಗೋಡೆ, ಒಳಗೆ ಆಳೆತ್ತರ ಕಾಡು. ಅಂಥವನ್ನು ನೋಡುತ್ತ ಹೋದಂತೆ ತಿಳಿಯಿತು, ಹೆಚ್ಚಿನವು ಕೆಟ್ಟದ್ದು ಪಂಚಾಂಗದಲ್ಲೇ. (ಜೋಯಿಸರ ಪಂಚಾಂಗವಲ್ಲ, ಗೋಡೆ ಕೂರುವ ಪಂಚಾಂಗ.) ಕೈಯಲ್ಲಿ 400 ಚದರ ಅಡಿಯ ದುಡ್ಡು, ಹಾಕಿದ್ದು 700 ಅಡಿಯದ್ದು. ಕೆಂಪುಕಲ್ಲು ಬಾಗಿಲ ಮೇಲಿನ ಲಿಂಟಲಿಗೆ ಬರುವಷ್ಟರಲ್ಲಿ ಕಿಸೆ ಖಾಲಿ.

ಇಷ್ಟು ಗೊತ್ತಿದ್ದೂ ನಾನೇ ಅದೇ ತಪ್ಪು ಮಾಡಿದೆ. ಮುಂದಿನ ಹಂತದಲ್ಲಿ ಜಾಗ ಇದ್ದವರಿಗೆ ಹೊಸ ಮನೆ, 4 ಲಕ್ಷ ರೂಪಾಯಿ, ಕಂತುಗಳಲ್ಲಿ. ಬೀಡಿ ಕಟ್ಟುವ ಅಕ್ಕ ಒಬ್ಬರು, "ಒಂದು ಕೋಣೆ ಜಾಸ್ತಿ ಇರಲಿ ಸಾರ್, ತಮ್ಮ ದುಬಾಯಿಂದ ಕಳಿಸ್ತಾನಂತೆ" ಎಂದರು. ನಾನು ತಲೆಯಾಡಿಸಿದೆ. ತಮ್ಮನ ಕೆಲಸ ಹೋಯಿತು. ಎರಡು ಮಳೆಗಾಲ ಟರ್ಪಾಲಿನಡಿ ಅವರ ಸಂಸಾರ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುವ ಊರು ನಮ್ಮದು. ಆ ದಾರಿ ಬಿಟ್ಟು ಸುತ್ತು ಬಳಸಿ ಆಫೀಸಿಗೆ ಹೋಗುತ್ತಿದ್ದೆ.

ಅಲ್ಲಿಂದ ನೂಲು ಹಿಡಿಯುವ ದಿನ, ಅಂದರೆ ಪಂಚಾಂಗದ ಅಳತೆ ನೆಲದ ಮೇಲೆ ಗುರುತಿಸುವ ದಿನ, ಮೇಸ್ತ್ರಿಗಿಂತ ಮೊದಲು ನಾನು ಸೈಟಿನಲ್ಲಿರುತ್ತೇನೆ. ಗೂಟ ಹೊಡೆಸಿ, ಮನೆಯವರನ್ನು ಆ ನೂಲಿನೊಳಗೆ ನಡೆಸಿ, ಮಂಚ ಎಲ್ಲಿ, ಒಲೆ ಎಲ್ಲಿ ಎಂದು ಕೇಳುತ್ತೇನೆ. ಒಪ್ಪಂದಪತ್ರ ಮಲಯಾಳದಲ್ಲಿರುತ್ತದೆ, ಸಹಿ ಹಾಕುವವರಿಗೆ ಓದಲು ಬರುವುದು ಕನ್ನಡ. ಹಾಗಾಗಿ ಯಾವ ಕಂತು ಯಾವಾಗ ಎಂಬುದನ್ನೂ ಅಲ್ಲೇ ತುಳು ಬೆರೆಸಿ ಹೇಳುತ್ತೇನೆ. ತಮ್ಮದೇ ಮನೆಯ ಕೆಲಸಕ್ಕೆ ಉದ್ಯೋಗ ಖಾತರಿಯ 90 ದಿನದ ಕೂಲಿ ಬೇರೆ ಸಿಗುತ್ತದೆಂದು ಹಲವರಿಗೆ ಗೊತ್ತೇ ಇರುವುದಿಲ್ಲ.

ಉಳಿತಾಯಕ್ಕೆ ಕಡಿಮೆ ಖರ್ಚಿನ ಮನೆಗಳ ವಾಸ್ತುಶಿಲ್ಪಿ ಲಾರಿ ಬೇಕರ್ ತೋರಿಸಿದ ದಾರಿ ಉಂಟು. ಸ್ಲ್ಯಾಬಿನ ಅಡಿಭಾಗದ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ, ಕಬ್ಬಿಣದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚು ತುಂಬಿಸಿದರೆ ಸಿಮೆಂಟು ಉಳಿಯುತ್ತದೆ. ಒಳ್ಳೆಯ ಕೆಂಪುಕಲ್ಲಿಗೆ ಸಾರಣೆಯೂ ಬೇಡ, ಸಂದು ತುಂಬಿದರೆ ಸಾಕು. ಆದರೆ ಸಾರಣೆ ಇಲ್ಲದ ಮನೆ ಬಡವರ ಮನೆಯಂತೆ! ಇದರಲ್ಲಿ ನಾನು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಹಳೆಯ ಹಂಚಿನ ಮನೆ ಉಳಿಸುವುದು ಇನ್ನೂ ಕಷ್ಟ. ಒಂದು ಮನೆಯ ಮಗ ಕೆಡವಿ ಹೊಸತು ಕಟ್ಟಬೇಕೆಂದು ಹಠ ಹಿಡಿದಿದ್ದ. ಏಣಿ ಹತ್ತಿ ಚೂರಿಯಿಂದ ಹಂಚು ಹೊರುವ ಮರದ ಪಕ್ಕಾಸುಗಳನ್ನು ಒಂದೊಂದೇ ಚುಚ್ಚಿ ನೋಡಿದೆ. ಗೆದ್ದಲು ಸೂರಿನ ಬದಿಯ ಏಳಕ್ಕೆ ಮಾತ್ರ ಹಿಡಿದಿತ್ತು, ನೀರಿಳಿಯುತ್ತಿದ್ದದ್ದು ಒಡೆದ ನೆತ್ತಿಯ ಹಂಚಿನಿಂದ. ದುರಸ್ತಿ ಸಾಕೆಂದು ಬರೆದೆ. "ಬರುವ ನಾಲ್ಕು ಲಕ್ಷ ತಪ್ಪಿಸಿದಿರಲ್ಲ ಮಾರಾಯ್ರೇ" ಎಂದು ಅವನು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಜೋರು ಮಾಡಿದ. ಅವನ ಸಿಟ್ಟು ಪೂರ್ತಿ ತಪ್ಪೆಂದು ನನಗೆ ಈಗಲೂ ಅನಿಸಿಲ್ಲ. ದುರಸ್ತಿಗೆ ಸಿಕ್ಕಿದ್ದು ಅಷ್ಟು ಕಡಿಮೆ.

ಆ ಅಕ್ಕನ ಮನೆಗೆ ಕೊನೆಗೂ ಮಾಡು ಬಂತು. ಹೆಚ್ಚುವರಿ ಕೋಣೆ ಮಾತ್ರ ಪಂಚಾಂಗದಲ್ಲೇ ನಿಂತಿದೆ. ಈಗ ಅದರ ಮೇಲೆ ಅಡಿಕೆ ಒಣಗಿಸುತ್ತಾರೆ.