ಕ್ರಿಯಾ ಯೋಜನೆಯಲ್ಲಿ ಒಂದು ಸಾಲು

ನಮ್ಮ ಪಂಚಾಯಿತಿ ಆಫೀಸಿನ ಬೀರುವಿನಲ್ಲಿ, ಹಳೇ ಮತದಾರರ ಪಟ್ಟಿಗಳ ಕೆಳಗೆ, ಒಂದು ಪೆಟ್ಟಿಗೆ ಸಿಕ್ಕಿತು. ನೀರು ಪರೀಕ್ಷೆ ಮಾಡುವ ಕಿಟ್. ತೆಗೆದು ನೋಡಿದರೆ ಒಳಗಿನ ಬಾಟಲಿಗಳ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಫ್ಲೋರೈಡ್ ಬಾಟಲಿಯ ಸೀಲ್ ಕೂಡ ಒಡೆದಿರಲಿಲ್ಲ.

"ಇದಕ್ಕೆ ಹೊಸ ಔಷಧಿ ತರಿಸೋಣ ಸಾರ್" ಅಂದೆ.

"ಅದಕ್ಕೆಲ್ಲ ಅನುದಾನ ಇಲ್ಲಮ್ಮ" ಅಂದರು ಆಗಿನ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ತಲೆ ಎತ್ತಿ ನೋಡಲೂ ಇಲ್ಲ, ಪಾಪ, ಅವರ ಮುಂದೆ ಫೈಲಿನ ರಾಶಿ ಇತ್ತು.

2020ರ ಡಿಸೆಂಬರ್ ಚುನಾವಣೆಯಲ್ಲಿ ನಾನು ಮೊದಲ ಸಲ ಗೆದ್ದು ಸದಸ್ಯೆ ಆಗಿದ್ದೆ. ಅದಕ್ಕೆ ಮುಂಚೆ ಹತ್ತು ವರ್ಷ ಮಹಿಳಾ ಸಂಘದ ಲೆಕ್ಕ ಬರೆದವಳು. ದುಡ್ಡು ಇಲ್ಲ ಅಂದರೆ ಯಾವ ಖಾತೆಯಲ್ಲಿ ಇಲ್ಲ ಅಂತ ಕೇಳುವ ಚಾಳಿ ಅಲ್ಲಿಂದಲೇ ಬಂದದ್ದು.

ನಮ್ಮದು ಬಾಗೇಪಲ್ಲಿ ಕಡೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಕ್ಕರೆ ಪುಣ್ಯ. ಸಿಕ್ಕ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ಮಾನದಂಡ. ನಮ್ಮೂರಲ್ಲಿ ಮಾನದಂಡ ಓದಬೇಕಾಗಿಲ್ಲ, ಫ್ಲೋರೈಡ್‌ನಿಂದ ಕಲೆಬಿದ್ದ ಹಲ್ಲು ನೋಡಿದರೆ ಸಾಕು. ಹೆಣ್ಣು ನೋಡಲು ಬಂದಾಗ ಸೆರಗು ಅಡ್ಡ ಹಿಡಿದು ನಗುವ ಹುಡುಗಿಯರನ್ನು ನೋಡಿಯೇ ಬೆಳೆದವರು ನಾವು.

ಸರಿ, ಅನುದಾನದ ಬೆನ್ನು ಹತ್ತಿದೆ. ತರಬೇತಿಗೆ ಹೋದಾಗೆಲ್ಲ ಊಟಕ್ಕೆ ಬಿಟ್ಟ ಹೊತ್ತಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ಗೊತ್ತಾದದ್ದು ಇಷ್ಟು. ನೀರಿನ ದುಡ್ಡು ಆಗ ಮುಖ್ಯವಾಗಿ ಎರಡು ಕಾಲುವೆಯಲ್ಲಿ ಹರಿಯುತ್ತಿತ್ತು.

ಒಂದು ಜಲ ಜೀವನ್ ಮಿಷನ್. ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಅಂತಾರೆ. 2019ರಲ್ಲಿ ಶುರುವಾದದ್ದು. ಇದರ ಹಣದಲ್ಲಿ ಬಹುಪಾಲು ಪೈಪು, ಟ್ಯಾಂಕು, ನಲ್ಲಿಗೆ. ನೀರಿನ ಗುಣಮಟ್ಟ ಕಾಯುವ ಕೆಲಸಕ್ಕೆ ಅಂತ ಇಟ್ಟಿರುವುದು ಹೆಚ್ಚೆಂದರೆ 2%. ಪೈಪ್ ಕೆಲಸಕ್ಕೆ ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಾಕಿದರೆ, ಈ 2%ಗೆ ಕೇಂದ್ರ 60, ರಾಜ್ಯ 40. ಆ ಹಣ ಪಂಚಾಯಿತಿ ಖಾತೆಗೆ ಬರುವುದೇ ಇಲ್ಲ. ಲ್ಯಾಬು, ಕಿಟ್ಟು, ತರಬೇತಿ ಅಂತ ಮೇಲೇ ಖರ್ಚಾಗುತ್ತದೆ. ಬೀರುವಿನಲ್ಲಿದ್ದ ಪೆಟ್ಟಿಗೆ ಬಂದದ್ದು ಹಾಗೆ. ಊರಿಗೆ ಐದು ಜನ ಹೆಂಗಸರಿಗೆ ಪರೀಕ್ಷೆ ಕಲಿಸಬೇಕು ಅನ್ನುವ ನಿಯಮವೂ ಅದರದ್ದೇ. ಕಲಿಸಿಯೂ ಇದ್ದರು. ಆಮೇಲೆ ಬಾಟಲಿ ಮುಗಿದರೆ ಯಾರು ತರಬೇಕು ಅನ್ನುವುದನ್ನು ಯಾರೂ ಹೇಳಿರಲಿಲ್ಲ.

ಎರಡನೆಯದು 15ನೇ ಹಣಕಾಸು ಆಯೋಗದ ಅನುದಾನ. ಕೇಂದ್ರದ ಈ ದುಡ್ಡು ಪಂಚಾಯಿತಿಗೇ ಬರುತ್ತಿತ್ತು. ರಾಜ್ಯಕ್ಕೆ ಬಂದದ್ದರಲ್ಲಿ 85% ಗ್ರಾಮ ಪಂಚಾಯಿತಿಗಳಿಗೆ, 10% ತಾಲ್ಲೂಕು ಪಂಚಾಯಿತಿಗೆ, 5% ಜಿಲ್ಲಾ ಪಂಚಾಯಿತಿಗೆ. ನಮ್ಮ ಪಾಲು ಎಷ್ಟು ಅನ್ನುವುದಕ್ಕೆ ಜನಸಂಖ್ಯೆ, ವಿಸ್ತೀರ್ಣ ಎಲ್ಲ ಲೆಕ್ಕಕ್ಕೆ ಬರುತ್ತಿತ್ತು. ವರ್ಷಕ್ಕೆ ಎರಡು ಕಂತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. 2021-22ರಿಂದ 2025-26ರವರೆಗೆ ಈ ಹಣದಲ್ಲಿ 60% ನಿರ್ಬಂಧಿತ ಆಗಿತ್ತು. ಅಂದರೆ ಬೇರೆಯದಕ್ಕೆ ಮುಟ್ಟುವ ಹಾಗಿರಲಿಲ್ಲ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಲೆಕ್ಕಕ್ಕೆ ಅಂತ ಹೇಳುತ್ತೇನೆ, ಪಂಚಾಯಿತಿಗೆ 20 ಲಕ್ಷ ಬಂದರೆ 6 ಲಕ್ಷ ನೀರಿಗೆ, 6 ಲಕ್ಷ ನೈರ್ಮಲ್ಯಕ್ಕೆ, ಉಳಿದ 8 ಲಕ್ಷ ಊರಿಗೆ ಬೇಕಾದ ಬೇರೆ ಕೆಲಸಕ್ಕೆ. ನೈರ್ಮಲ್ಯದ ಕೆಲಸ ಪೂರ್ತಿ ಮುಗಿದಿದ್ದರೆ ಅದರ ದುಡ್ಡನ್ನೂ ನೀರಿಗೆ ಹಾಕಬಹುದಿತ್ತು. ಪೂರ್ತಿ ಮುಗಿದ ಪಂಚಾಯಿತಿಯನ್ನು ನಾನಂತೂ ಕಂಡಿಲ್ಲ.

ಅಂದಮೇಲೆ 'ಅನುದಾನ ಇಲ್ಲ' ಅನ್ನುವುದು ಸುಳ್ಳು ಅಲ್ವಾ? ಪೂರ್ತಿ ಸುಳ್ಳೂ ಅಲ್ಲ. ದುಡ್ಡು ಇತ್ತು, ಆದರೆ ಪರೀಕ್ಷೆ ಅನ್ನುವ ಕೆಲಸ ಕ್ರಿಯಾ ಯೋಜನೆಯಲ್ಲೇ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲೇ ಇರಲಿಲ್ಲ. ಪಂಚಾಯಿತಿಗಳ ಆನ್‌ಲೈನ್ ಪೋರ್ಟಲ್ ಇ-ಗ್ರಾಮ ಸ್ವರಾಜ್‌ಗೆ ಏರಿಸಿದ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಮಾಡಲು ಬರುವುದಿಲ್ಲ. ಒಂದು ಸಾಲು ಬರೆಸಿಲ್ಲ ಅಂದರೆ ಆ ವರ್ಷ ಮುಗಿದಂತೆ.

ಮೊದಲ ವರ್ಷ ಬರೆಸಲು ಹೋಗಿ ಸೋತೆ. ನೀರಿನ ದುಡ್ಡೆಲ್ಲ ಮೋಟಾರ್ ರಿವೈಂಡಿಂಗ್, ಹೊಸ ಪೈಪು, ಮಿನಿ ಟ್ಯಾಂಕ್ ಅಂತ ವಾರ್ಡ್‌ವಾರು ಹಂಚಿಹೋಗಿತ್ತು. "ಬಾಟಲಿ ತಂದ್ರೆ ಓಟು ಬರುತ್ತೇನಕ್ಕ?" ಅಂತ ಒಬ್ಬ ಸದಸ್ಯ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡುವುದು.

ಎರಡನೇ ವರ್ಷ ಬುದ್ಧಿ ಬಂತು. ಹಳೇ ಪರೀಕ್ಷೆ ರಿಜಿಸ್ಟರ್ ತೆಗೆಸಿದೆ. ಒಂಬತ್ತು ಬೋರ್‌ವೆಲ್, ಒಂಬತ್ತಕ್ಕೂ ಫ್ಲೋರೈಡ್ 0.8. ಮೂರು ಕಿಲೋಮೀಟರ್ ದೂರದ ಬೋರ್‌ವೆಲ್‌ಗೂ ಅದೇ 0.8. ಯಾರೋ ಕೂತಲ್ಲೇ ಬರೆದದ್ದು. ಜಗಳ ಮಾಡಲಿಲ್ಲ. ಪಕ್ಕದ ಪಂಚಾಯಿತಿಯಿಂದ ಚಾಲ್ತಿಯಲ್ಲಿದ್ದ ಕಿಟ್ ಎರಡು ದಿನಕ್ಕೆ ಇಸಕೊಂಡು ಬಂದೆ.

ನಮ್ಮ ನೀರುಗಂಟಿ ಜೊತೆಗೆ ಬಂದ. ಕಾಲೊನಿಯ ಮಿನಿ ಟ್ಯಾಂಕ್ ನಲ್ಲಿಯಿಂದ ಬ್ಯಾಕ್ಟೀರಿಯಾ ಪರೀಕ್ಷೆಯ ಪುಟ್ಟ ಸೀಸೆಗೆ ಗೆರೆಯವರೆಗೆ ನೀರು ತುಂಬಿದೆವು. ನೀರು ಕೆಟ್ಟಿದ್ದರೆ ಅದು ಕಪ್ಪಾಗುತ್ತದೆ. ಬೆಚ್ಚಗಿರಲಿ ಅಂತ ಅವನು ಅದನ್ನು ಪಂಪ್‌ಹೌಸ್‌ನಲ್ಲಿ ಸ್ಟಾರ್ಟರ್ ಡಬ್ಬದ ಮೇಲೆ ಇಟ್ಟ. ಆಮೇಲೆ ಫ್ಲೋರೈಡ್. ನೀರಿಗೆ ಔಷಧಿ ಹಾಕಿ ಬಣ್ಣದ ಚಾರ್ಟ್ ಪಕ್ಕ ಹಿಡಿಯಬೇಕು. ಗುಲಾಬಿ ಉಳಿದರೆ ಕಡಿಮೆ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ಶಾಲೆ ಹತ್ತಿರದ ಬೋರ್‌ವೆಲ್ ನೀರು ನೋಡನೋಡುತ್ತಲೇ ಹಳದಿಯಾಯಿತು. ನೀರುಗಂಟಿ ಚಾರ್ಟನ್ನೂ ನೀರನ್ನೂ ಎರಡು ಸಲ ನೋಡಿ, "ನಮ್ಮ ಮಗ ಅಲ್ಲೇ ಓದ್ತಾನಲ್ಲಕ್ಕ" ಅಂದ. ಆಮೇಲೆ ಮಾತಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಸೀಸೆ ನೋಡಿದರೆ ಇದ್ದಿಲಿನಷ್ಟು ಕಪ್ಪು. ಅದನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಸಭೆಗೆ ಹೋಗಿ ಅಧ್ಯಕ್ಷರ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕ ಇಟ್ಟೆ. "ಇದು ಕಾಲೊನಿ ನೀರು" ಅಂದೆ. ಹೋದ ವರ್ಷ ನಕ್ಕವನ ಮನೆ ಅದೇ ಲೈನಿನಲ್ಲಿತ್ತು. ನಾನು ಬೇಕಂತ ಆರಿಸಿದ್ದಲ್ಲ, ಆದರೆ ಒಳ್ಳೆಯದೇ ಆಯಿತು. ಹುಡುಕಿದಾಗ ಚರಂಡಿಯೊಳಗೆ ಹಾದುಹೋದ ಪೈಪಿನ ವಾಲ್ವ್ ಸೋರುತ್ತಿದ್ದದ್ದು ಸಿಕ್ಕಿತು.

ಆ ಸಭೆಯಲ್ಲಿ ಒಂದು ಭಯ ಹೊರಬಂತು. 'ನೀರು ಕೆಟ್ಟಿದೆ ಅಂತ ಬರೆದರೆ ಊರಿಗೆ ಕೆಟ್ಟ ಹೆಸರು' ಅಂತ. ಇದು ತುಂಬಾ ಕಡೆ ಇದೆ. ನಿಜ ಹೇಳಬೇಕೆಂದರೆ ಉಲ್ಟಾ. ಮಿಷನ್ ಹಣವನ್ನು ರಾಜ್ಯಗಳಿಗೆ ಹಂಚುವಾಗಲೇ 10% ತೂಕ ಇರುವುದು ರಾಸಾಯನಿಕ ಬೆರೆತ ನೀರು ಕುಡಿಯುವ ಜನಸಂಖ್ಯೆಗೆ. ಊರುಗಳನ್ನು ಆರಿಸುವಾಗಲೂ ನೀರು ಕೆಟ್ಟ ಊರಿಗೆ ಆದ್ಯತೆ. ಎಲ್ಲ ಕಡೆ 0.8 ಅಂತ ಬರೆದುಕೊಂಡು ಕೂತರೆ ಕಾಗದದ ಮೇಲೆ ನಮ್ಮ ನೀರು ಕಾವೇರಿಯಷ್ಟು ಚೆನ್ನ. ಆಮೇಲೆ ಯಾರು ಯಾಕೆ ದುಡ್ಡು ಕೊಡುತ್ತಾರೆ?

ಆ ಸಲ ಅಕ್ಟೋಬರ್ 2ರ ನಂತರದ ಗ್ರಾಮಸಭೆಯಲ್ಲಿ ಸಾಲು ಬರೆಸಿದೆ. 'ಕುಡಿಯುವ ನೀರಿನ ಗುಣಮಟ್ಟ ಪರೀಕ್ಷೆ: ಕಿಟ್ ರೀಫಿಲ್ ಮತ್ತು ಮಾದರಿ ಸಾಗಣೆ, 20,000 ರೂಪಾಯಿ, ನಿರ್ಬಂಧಿತ ಅನುದಾನ, ಕುಡಿಯುವ ನೀರು.' ಸಾಗಣೆ ಅಂತ ಸೇರಿಸಿದ್ದು ನನ್ನ ಸಂಘದ ಬುದ್ಧಿ. ಕಿಟ್‌ನಲ್ಲಿ ಕೆಟ್ಟದ್ದು ಅಂತ ಬಂದರೆ ಲ್ಯಾಬ್‌ನಲ್ಲಿ ಖಚಿತ ಮಾಡಿಸಬೇಕು. ಸೀಸೆ ಹಿಡಿದು ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗುವವಳ ಕೈಯಿಂದ ಯಾಕೆ ದುಡ್ಡು ಹೋಗಬೇಕು? ಗ್ರಾಮಸಭೆ ನಡಾವಳಿಯ ನಕಲು ಅಲ್ಲೇ ಇಸಕೊಂಡೆ. ಅದಿಲ್ಲದಿದ್ದರೆ ಯೋಜನೆ ಟೈಪ್ ಆಗುವಾಗ ಸಾಲು ಮಾಯವಾಗುತ್ತದೆ, ಒಂದು ಸಲ ಆಗಿಯೂ ಇತ್ತು.

ಈಗ ಮಳೆಗೆ ಮುಂಚೆ ಒಂದು ಸಲ, ಮಳೆ ಆದಮೇಲೆ ಒಂದು ಸಲ ಬ್ಯಾಕ್ಟೀರಿಯಾ ಪರೀಕ್ಷೆ, ವರ್ಷಕ್ಕೊಮ್ಮೆ ಫ್ಲೋರೈಡ್, ನೈಟ್ರೇಟ್ ನಡೆಯುತ್ತದೆ. ಶಾಲೆ ಬೋರ್‌ವೆಲ್ ನೀರನ್ನು ಕುಡಿಯಲು ಬಿಡುವುದಿಲ್ಲ, ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೋಗುತ್ತದೆ. ಬಾಟಲಿಗಳ ಮೇಲೆ ಅವಧಿ ಮುಗಿಯುವ ತಿಂಗಳನ್ನು ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದೇವೆ.

ನನ್ನಿಂದ ಆಗದೇ ಉಳಿದದ್ದು ನೀರುಗಂಟಿಯ ಸಂಬಳ. ಹಣಕಾಸು ಆಯೋಗದ ಅನುದಾನದಲ್ಲಿ ನಿರ್ಬಂಧ ಇಲ್ಲದ ಭಾಗದಿಂದಲೂ ಸಂಬಳ ಕೊಡುವ ಹಾಗಿಲ್ಲ ಅಂತ ನಿಯಮ. ರಾಜ್ಯದ ಶಾಸನಬದ್ಧ ಅನುದಾನ, ನೀರಿನ ಕರ, ಮನೆ ಕಂದಾಯ, ಇವುಗಳಲ್ಲೇ ಹೊಂದಿಸಬೇಕು. ಕಂದಾಯ ಬರುವುದು ಮಾರ್ಚ್‌ನಲ್ಲಿ. ದಿನಾ ಬೆಳಿಗ್ಗೆ ಐದಕ್ಕೆ ವಾಲ್ವ್ ತಿರುಗಿಸುವವನು, ಸೀಸೆಯನ್ನು ಸ್ಟಾರ್ಟರ್ ಡಬ್ಬದ ಮೇಲೆ ಇಟ್ಟವನು, ಮೂರು ತಿಂಗಳಿಗೊಮ್ಮೆ ಆಫೀಸಿನ ಬಾಗಿಲಲ್ಲಿ ನಿಂತು ಕೇಳುತ್ತಾನೆ. ಹೋದ ವಾರವೂ ಬಂದಿದ್ದ.