ಐರ್ಲೆಂಡ್‌ನಲ್ಲಿ ನಾನು ದೀಶರ್ಟ್ ಹುಡುಕುವ ಬಗೆ

ದೀಶರ್ಟ್ ಹುಡುಕಲು ಮೊದಲು ಬೇಕಾದದ್ದು ಮ್ಯಾಪ್, ಬೂಟು ಆಮೇಲೆ. ಮಠದ ಗದ್ದಲ ಸಾಕೆಂದು ಹೊರಟ ಐರಿಷ್ ಕ್ರೈಸ್ತ ಸನ್ಯಾಸಿಗಳು ಒಬ್ಬಂಟಿಯಾಗಿ ನೆಲೆಸುತ್ತಿದ್ದ ಜಾಗಕ್ಕೆ ಹಳೆಯ ಐರಿಷ್‌ನಲ್ಲಿ ಈ ಹೆಸರು. ಲ್ಯಾಟಿನ್‌ನ ಮರುಭೂಮಿ ಪದದಿಂದ ಬಂದದ್ದು. ಈಜಿಪ್ಟಿನ ಮರಳುಗಾಡಿನಲ್ಲಿ ಕೂತು ಧ್ಯಾನ ಮಾಡಿದವರೇ ಇವರಿಗೆ ಮಾದರಿ.

ನಾನಿರುವುದು ಡಬ್ಲಿನ್‌ನಲ್ಲಿ. ಹೊರಡುವ ಮುಂಚೆ ಲೊಗನಿಮ್ ಎಂಬ ಊರ ಹೆಸರುಗಳ ಡೇಟಾಬೇಸ್‌ನಲ್ಲಿ ಐರಿಷ್ ರೂಪವನ್ನೇ ಹಾಕಿ ಹುಡುಕುತ್ತೇನೆ. ಇಂಗ್ಲಿಷ್ ಹೆಸರು ನಂಬಿದರೆ ಎಷ್ಟೋ ಊರು ತಪ್ಪಿಹೋಗುತ್ತವೆ. ಕಿಲ್ಡೇರ್‌ನ ಕ್ಯಾಸಲ್‌ಡರ್ಮಟ್ ಓದಿದರೆ ಅಲ್ಲೊಂದು ಕೋಟೆ ಇರಬೇಕು ಅನ್ನಿಸುತ್ತದೆ ಅಲ್ವಾ? ಐರಿಷ್‌ನಲ್ಲಿ ಅದು ದೀಶರ್ಟ್ ಡೀರ್ಮದ, ಅಂದರೆ ಡೀರ್ಮಿದ್ ಎಂಬ ಸನ್ಯಾಸಿಯ ಏಕಾಂತದ ನೆಲೆ. ಆಮೇಲೆ ಹಳೆಯ ಸರ್ವೇ ಮ್ಯಾಪ್ ತೆಗೆದು ಪಾಳು ಚರ್ಚು, ಸ್ಮಶಾನ, ಪವಿತ್ರ ಬಾವಿ ಎಲ್ಲೆಲ್ಲಿ ಗುರುತು ಹಾಕಿದ್ದಾರೆ ಅಂತ ನೋಡುತ್ತೇನೆ. ಈ ಮೂರೂ ಹತ್ತಿರ ಹತ್ತಿರ ಇದ್ದರೆ ಹೋಗಲೇಬೇಕು. ಹೊಲದೊಳಗಿದ್ದರೆ ರೈತರನ್ನು ಕೇಳಿ ಹೋಗಿ, ಗೇಟನ್ನು ಮರೆಯದೆ ಮುಚ್ಚಿ.

ನನಗೆ ಜಾಸ್ತಿ ಹಿಡಿಸಿದ್ದು ಕ್ಲೇರ್ ಕೌಂಟಿಯ ಡೈಸರ್ಟ್ ಒಡೇ (ದೀಶರ್ಟೇ ಇಂಗ್ಲಿಷ್‌ನಲ್ಲಿ ಡೈಸರ್ಟ್ ಆಗಿದೆ). ಸಂತ ಟೋಲಾ 8ನೇ ಶತಮಾನದಲ್ಲಿ ಒಂಟಿಯಾಗಿರಲೆಂದು ಬಂದ ಜಾಗ ಅದು. ಆದರೆ ಈಗ ಅಲ್ಲಿ ಕಾಣುವುದು ದೊಡ್ಡ ಚರ್ಚು, ಮುರಿದ ದುಂಡು ಗೋಪುರ, 12ನೇ ಶತಮಾನದ ಎತ್ತರದ ಶಿಲುಬೆ. ಚರ್ಚಿನ ದಕ್ಷಿಣದ ಬಾಗಿಲ ಕಮಾನಿನಲ್ಲಿ ಮನುಷ್ಯರ ಮುಖ, ಪ್ರಾಣಿಗಳ ಮುಖ ಸಾಲಾಗಿವೆ. ಒಂದರಂತೆ ಇನ್ನೊಂದಿಲ್ಲ, ಒಬ್ಬನಿಗೆ ಮೀಸೆ ಇಳಿಬಿದ್ದಿದೆ. ಪಕ್ಕದ ಹೊಲದಲ್ಲಿರುವ ಶಿಲುಬೆಯ ಮೇಲೆ ಕ್ರಿಸ್ತನ ಕೆಳಗೆ ಬಿಷಪ್ ನಿಂತಿದ್ದಾನೆ, ಅವನ ಬಲಗೈ ಇಲ್ಲ, ಕೈ ಸಿಕ್ಕಿಸಲು ಕೊರೆದ ಗುಳಿ ಮಾತ್ರ ಉಳಿದಿದೆ. ಅದರ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ.

ಯಾರೂ ಬೇಡವೆಂದು ಹೋದವನ ಹಿಂದೆಯೇ ಶಿಷ್ಯರು, ಭಕ್ತರು, ಕಲ್ಲುಕುಟಿಗರು ಎಲ್ಲ ಬಂದುಬಿಡುತ್ತಾರೆ. ಎಷ್ಟೋ ದೀಶರ್ಟ್‌ಗಳ ಕತೆ ಇದೇ, ಹಾಗಾಗಿ ಅಲ್ಲಿ ಏಕಾಂತದ ಗುರುತು ಕಲ್ಲಿನಲ್ಲಿ ಸಿಗುವುದಿಲ್ಲ, ಹೆಸರಿನಲ್ಲಷ್ಟೇ ಸಿಗುತ್ತದೆ.

ನಿಜಕ್ಕೂ ಒಬ್ಬನೇ ಇರುವಷ್ಟು ಜಾಗ ಹೇಗಿತ್ತು ಅಂತ ನೋಡಬೇಕಾದರೆ ವಿಕ್ಲೋ ಕೌಂಟಿಯ ಗ್ಲೆಂಡಲಾಕ್ ಕಣಿವೆಗೆ ಹೋಗಿ. ಮೇಲಿನ ಸರೋವರದ ಬಂಡೆಯಲ್ಲಿ, ನೀರಿನಿಂದ ಸುಮಾರು 8 ಮೀಟರ್ ಮೇಲೆ, ಸಂತ ಕೆವಿನ್ ಮಲಗುತ್ತಿದ್ದ ಎನ್ನುವ ಪುಟ್ಟ ಗವಿ ಇದೆ. ಹತ್ತಲು ಹೋಗಬೇಡಿ, ಅಪಾಯ. ಎದುರು ದಡದ ಮೈನರ್ಸ್ ರೋಡ್‌ನಲ್ಲಿ ನಡೆದರೆ ಕಾಣುತ್ತದೆ. ಬೈನಾಕ್ಯುಲರ್ ಇರಲಿ, ಟೂರಿಸ್ಟ್ ಬಸ್‌ಗಳು ಬರುವ ಮುಂಚೆಯೇ ತಲುಪಿ.